ಗರಗಸದ ಬೆಲೆಗೆ ಹೊಟ್ಟಿನ ಲೆಕ್ಕವೂ ಸೇರಲಿ

ಮೈಟರ್ ಗರಗಸ ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋದ ಬಡಗಿ ಕೇಳುವುದು ಸಾಮಾನ್ಯವಾಗಿ ನಾಲ್ಕು ಪ್ರಶ್ನೆ. ಬ್ಲೇಡು ಎಷ್ಟು ಇಂಚು, ಮೋಟರು ಎಷ್ಟು ವ್ಯಾಟು, ವಾರಂಟಿ ಎಷ್ಟು ದಿನ, ಕೆಟ್ಟರೆ ರಿಪೇರಿ ಎಲ್ಲಿ. ನಾಲ್ಕೂ ಕೇಳಲೇಬೇಕಾದವು. ಐದನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ: ಇದು ಉಗುಳುವ ಹೊಟ್ಟು ಎಲ್ಲಿಗೆ ಹೋಗುತ್ತದೆ?

ಕಡೂರು ತಾಲ್ಲೂಕಿನ ದೇವನೂರಿನಂಥ ಊರಿಗೆ ಈ ಪ್ರಶ್ನೆ ಪೇಟೆಗಿಂತ ಹೆಚ್ಚು ಮುಖ್ಯ. ದೊಡ್ಡ ಪೀಠೋಪಕರಣ ಕಾರ್ಖಾನೆಯಲ್ಲಿ ಯಂತ್ರ ಒಂದು ಕಡೆ, ಊಟ ಇನ್ನೊಂದು ಕಡೆ, ಮನೆ ಮತ್ತೆಲ್ಲೋ. ಹಳ್ಳಿಯ ಬಡಗಿಯ ಶೆಡ್ಡು ಅನೇಕ ಕಡೆ ಮನೆಯ ಗೋಡೆಗೇ ಒರಗಿಕೊಂಡಿರುತ್ತದೆ. ತಗಡಿನ ಮಾಡು, ಒಂದು ಬಾಗಿಲು, ಹತ್ತು-ಹನ್ನೆರಡು ಅಡಿಯ ಜಾಗ. ಅದೇ ಜಾಗದಲ್ಲಿ ಗಿರಾಕಿ ಕೂರುತ್ತಾನೆ, ಶಾಲೆ ಬಿಟ್ಟ ಮಗು ಬಂದು ನಿಲ್ಲುತ್ತದೆ, ಮಧ್ಯಾಹ್ನದ ಬುತ್ತಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಎದ್ದ ಧೂಳು ಬಡಗಿಯೊಬ್ಬನ ಧೂಳಾಗಿ ಉಳಿಯುವುದಿಲ್ಲ, ಮನೆಮಂದಿಯದಾಗುತ್ತದೆ.

ಕೈಗರಗಸದ ಕಾಲದಲ್ಲಿ ತೊಂದರೆ ಇಷ್ಟಿರಲಿಲ್ಲ. ಕೈಗರಗಸದ ಹೊಟ್ಟು ದಪ್ಪ, ತೂಕದ್ದು, ಕಾಲ ಬುಡದಲ್ಲೇ ಬೀಳುತ್ತಿತ್ತು. ಮೈಟರ್ ಗರಗಸದ 10 ಇಂಚಿನ ಬ್ಲೇಡು ನಿಮಿಷಕ್ಕೆ ಸುಮಾರು 4,800 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಹಲ್ಲಿನ ತುದಿ ಓಡುವುದು ಗಂಟೆಗೆ 230 ಕಿಲೋಮೀಟರ್ ಲೆಕ್ಕದಲ್ಲಿ. ಅಷ್ಟು ಬೀಸಿನಲ್ಲಿ ಹರಿದ ಮರದಲ್ಲಿ ಒಂದು ಪಾಲು ಹೊಟ್ಟಾಗಿ ಉದುರಿದರೆ, ಇನ್ನೊಂದು ಪಾಲು ಕಣ್ಣಿಗೆ ಕಾಣದ ಪುಡಿಯಾಗಿ ಗಾಳಿಗೆ ಸೇರುತ್ತದೆ. ತಗಡಿನ ಸಂದಿಯಿಂದ ಬಿಸಿಲಕೋಲು ಇಳಿದಾಗ ಮಾತ್ರ ಅದು ಇದೆಯೆಂದು ಗೊತ್ತಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಇಂಚು ಅಗಲ, ಎರಡೂವರೆ ಇಂಚು ದಪ್ಪದ ತೇಗದ ಬಾಗಿಲವಾಡದ ತುಂಡನ್ನು ಮೂರು ಮಿಲಿಮೀಟರ್ ದಪ್ಪದ ಬ್ಲೇಡಿನಲ್ಲಿ ಒಮ್ಮೆ ಕತ್ತರಿಸಿದರೆ ಪುಡಿಯಾಗುವ ಮರ ಸುಮಾರು 12 ಗ್ರಾಂ. ದಿನಕ್ಕೆ ನೂರು ಸಲ ಕತ್ತರಿಸಿದರೆ ಒಂದು ಕಿಲೋ ಮೀರುತ್ತದೆ. ಒಂದು ಕತ್ತರಿಕೆಯ 12 ಗ್ರಾಮಿನಲ್ಲಿ ನೂರಕ್ಕೆ ಒಂದೇ ಪಾಲು ಗಾಳಿಯಲ್ಲಿ ತೇಲಿತು ಎಂದಿಟ್ಟುಕೊಳ್ಳೋಣ. ಹತ್ತು ಅಡಿಗೆ ಹನ್ನೆರಡು ಅಡಿಯ, ಹತ್ತಡಿ ಎತ್ತರದ ಮುಚ್ಚಿದ ಶೆಡ್ಡಿನ ಒಂದು ಘನ ಮೀಟರ್ ಗಾಳಿಯಲ್ಲಿ ಆಗ ಮೂರೂವರೆ ಮಿಲಿಗ್ರಾಂ ಮರದ ಪುಡಿ ಇರುತ್ತದೆ. ಯುರೋಪಿನ ಒಕ್ಕೂಟ ಗಟ್ಟಿ ಮರದ ಧೂಳಿಗೆ 2023ರ ಜನವರಿಯಿಂದ ಇಟ್ಟಿರುವ ಮಿತಿ ಎರಡು ಮಿಲಿಗ್ರಾಂ. ಅದು ಎಂಟು ಗಂಟೆಯ ಸರಾಸರಿ ನಿಜ, ಒಂದು ಗಳಿಗೆಯದಲ್ಲ. ಆದರೆ ಒಂದು ಕತ್ತರಿಕೆಯ ಪುಡಿ ನೆಲಕ್ಕಿಳಿಯುವ ಮೊದಲೇ ಹತ್ತು ಕತ್ತರಿಕೆ ಆಗಿರುತ್ತವೆ.

ಮಿತಿಯನ್ನು ಅಷ್ಟು ಬಿಗಿಯಾಗಿ ಇಡುವುದಕ್ಕೆ ಕಾರಣವಿದೆ. ಇಂಗ್ಲೆಂಡಿನ ಹೈ ವಿಕಂ ಕುರ್ಚಿ ಮಾಡುವವರ ಊರು. 1960ರ ದಶಕದಲ್ಲಿ ಅಲ್ಲಿ ಕಿವಿ-ಮೂಗು-ಗಂಟಲು ವೈದ್ಯೆಯಾಗಿದ್ದ ಎಸ್ತರ್ ಹ್ಯಾಡ್‌ಫೀಲ್ಡ್ ಅವರಿಗೆ ಒಂದು ವಿಷಯ ಎದ್ದು ಕಂಡಿತು: ಬಹಳ ಅಪರೂಪವಾದ ಮೂಗಿನ ಒಳಭಾಗದ ಒಂದು ಬಗೆಯ ಕ್ಯಾನ್ಸರ್ ಮರಗೆಲಸದವರಲ್ಲಿ ಮತ್ತೆ ಮತ್ತೆ ಕಾಣಿಸುತ್ತಿತ್ತು. ಡೊನಾಲ್ಡ್ ಅಚೆಸನ್ ಮತ್ತಿತರರ ಜೊತೆ ಅವರು ನಡೆಸಿದ ಅಧ್ಯಯನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಈ ಕಾಯಿಲೆ ಎಲ್ಲರಿಗೂ ಬರುವುದಿಲ್ಲ, ಬಂದವರಿಗೂ ದಶಕಗಳ ನಂತರ ಬರುತ್ತದೆ. ಹದಿನೆಂಟು ವರ್ಷಕ್ಕೆ ಕೆಲಸಕ್ಕೆ ಸೇರಿದ ಹುಡುಗನಿಗೆ ಅದರ ಭಯ ತಟ್ಟದೇ ಇರುವುದು ಅದಕ್ಕೇ.

ಅಷ್ಟು ದೂರ ಹೋಗುವುದೂ ಬೇಡ. ಕೆಮ್ಮು, ಉಬ್ಬಸ, ಸದಾ ಕಟ್ಟಿದ ಮೂಗು, ಮೈ ತುರಿಕೆ, ಇವು ಮರಗೆಲಸದವರ ಮನೆಗಳಲ್ಲಿ ಹೊಸ ಸಂಗತಿಗಳಲ್ಲ. ಈ ಸೀಮೆಯ ಮರಗಳೇ ಅದಕ್ಕೆ ಸಾಕು. ತರೀಕೆರೆಯ ಕಾಡಂಚಿನ ತೇಗದ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೀಟೆಯದೂ ಹಾಗೆಯೇ. ಬೇವು ಕೊಯ್ದರೆ ಗಂಟಲೆಲ್ಲ ಕಹಿ. ಕಾಫಿ ತೋಟದ ಸಿಲ್ವರ್ ಓಕ್, ಹಲಸು, ಹೊನ್ನೆ, ಮತ್ತಿ ಒಂದೊಂದರದೂ ಒಂದೊಂದು ಗುಣ. ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗೆ. ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ಕೊಯ್ದಾಗ ಮೈದಾಹಿಟ್ಟಿನಷ್ಟು ನುಣ್ಣಗೆ ಉದುರುತ್ತದೆ, ಜೊತೆಗೆ ಫಾರ್ಮಾಲ್ಡಿಹೈಡ್ ಅಂಟಿನ ಅಂಶವೂ ಇರುತ್ತದೆ. ಹಳ್ಳಿಯ ಅಡುಗೆಮನೆಗಳಿಗೂ ಈಗ ಅದೇ ಹಲಗೆಯ ಕಪಾಟು ಬರುತ್ತಿದೆ.

ಹಾಗಾದರೆ ಎಂಥ ಗರಗಸ ಕೊಳ್ಳಬೇಕು? ಅದಕ್ಕೆ ಮೊದಲು ಗರಗಸ ಹೊಟ್ಟನ್ನು ಹೇಗೆ ಎಸೆಯುತ್ತದೆ ಎಂಬುದನ್ನು ತಿಳಿಯಬೇಕು. ಮೈಟರ್ ಗರಗಸದ ಬ್ಲೇಡಿನ ಹಲ್ಲು ಮುಂದಿನಿಂದ ಕೆಳಗಿಳಿದು ಹಿಂದಕ್ಕೆ ಓಡುತ್ತದೆ. ಆದ್ದರಿಂದ ಹೊಟ್ಟು ಕೆಲಸಗಾರನ ಎದುರಿಗೆ, ಗರಗಸದ ಹಿಂಬದಿಗೆ ಚಿಮ್ಮುತ್ತದೆ. ಬ್ಲೇಡಿನ ಹಿಂದೆ ಒಂದು ಸಣ್ಣ ಬಾಯಿ, ಅದಕ್ಕೊಂದು ಬಟ್ಟೆಯ ಚೀಲ. ಕಂಪನಿ ಕೊಡುವುದು ಇಷ್ಟೇ. ಚಿಮ್ಮಿದ ಹೊಟ್ಟಿನಲ್ಲಿ ನೇರವಾಗಿ ಆ ಬಾಯಿಗೆ ಬಿದ್ದದ್ದು ಚೀಲಕ್ಕೆ ಹೋಗುತ್ತದೆ. ಉಳಿದದ್ದು ಮರ ಆನಿಸುವ ಪಟ್ಟಿಗೆ ಬಡಿದು ಚೆದುರುತ್ತದೆ, ಮೇಜಿನ ಸೀಳಿನಿಂದ ಕೆಳಗೆ ಸುರಿಯುತ್ತದೆ. 45 ಡಿಗ್ರಿಗೆ ತಿರುಗಿಸಿದರೆ ಚೆದುರುವ ದಿಕ್ಕೇ ಬೇರೆಯಾಗುತ್ತದೆ. ಚೀಲದೊಳಗೆ ಹೋದ ನುಣ್ಣನೆಯ ಪುಡಿಯೂ ಬಟ್ಟೆಯ ಕಣ್ಣುಗಳಿಂದ ಮತ್ತೆ ಹೊರಗೆ ಬರುತ್ತದೆ. ಬರಿಯ ಚೀಲವನ್ನು ನಂಬಿದವರು ದೊಡ್ಡ ಹೊಟ್ಟನ್ನು ಹಿಡಿದು ಸಣ್ಣ ಪುಡಿಯನ್ನು ಪುಪ್ಪುಸಕ್ಕೆ ಬಿಟ್ಟುಕೊಂಡಂತೆ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಆ ಹಿಂಬದಿಯ ಬಾಯಿ. ಅದು ಬ್ಲೇಡಿಗೆ ಎಷ್ಟು ಹತ್ತಿರವಿದೆ? ಗರಗಸ ಕೆಳಗಿಳಿದಾಗ ಮರದ ಹಿಂಬದಿಗೆ ಹತ್ತಿಕೊಂಡಂತೆ ಬರುವ ರಬ್ಬರಿನ ಮರೆ ಇದೆಯೇ? ಮರೆ ಇಲ್ಲದ ಗರಗಸಕ್ಕೆ ಹಳೆಯ ಟ್ಯೂಬಿನ ತುಂಡಿನಿಂದ ಮರೆ ಕಟ್ಟಿಕೊಳ್ಳುವ ಬಡಗಿಗಳಿದ್ದಾರೆ. ಬ್ಲೇಡಿಗೂ ಅದರ ಮೇಲಿನ ರಕ್ಷಾಕವಚಕ್ಕೂ ತಗುಲದಂತೆ ಕಟ್ಟಿದರೆ ಅದು ಒಳ್ಳೆಯ ಉಪಾಯವೇ. ಬಾಯಿಯ ಅಳತೆಯೂ ಮುಖ್ಯ. ಅಂಗಡಿಯಲ್ಲಿ ಸಿಗುವ ವ್ಯಾಕ್ಯೂಮ್ ಪೈಪು ಅದಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಅಲ್ಲೇ ಕೂರಿಸಿ ನೋಡಬೇಕು. ಆಮೇಲೆ ಟೇಪು ಸುತ್ತಿ ಸರಿಮಾಡಿದ ಜೋಡಣೆ ಬಹಳ ದಿನ ಬಾಳುವುದಿಲ್ಲ.

ಎರಡನೆಯದು ಜಾರುಗಂಬಿ. ಇಲ್ಲಿ ಅಂಗಡಿಯವರ ಮಾತಿಗಿಂತ ಬೇರೆ ಮಾತು ಹೇಳಬೇಕಾಗಿದೆ. ತಲೆ ಹಿಂದೆ ಮುಂದೆ ಜಾರುವ ಗರಗಸ ಅಗಲವಾದ ಹಲಗೆ ಕೊಯ್ಯುತ್ತದೆ ಎಂದು ಅದನ್ನೇ ಮುಂದೆ ಮಾಡುತ್ತಾರೆ. ಕಂಬಿಗಳು ಹಿಂದಕ್ಕೆ ಚಾಚುವ ಗರಗಸಕ್ಕೆ ಹಿಂಬದಿಯಲ್ಲಿ ಅಡಿಗಟ್ಟಲೆ ಜಾಗ ಬೇಕು. ಹೊಟ್ಟು ಹಿಡಿಯುವ ಗೂಡು ಬರಬೇಕಾದದ್ದೂ ಅದೇ ಹಿಂಬದಿಯಲ್ಲೇ. ಹತ್ತಡಿಯ ಶೆಡ್ಡಿನಲ್ಲಿ ಎರಡಕ್ಕೂ ಜಾಗವಿಲ್ಲ. ಜಾರದ ಸಾದಾ 10 ಇಂಚಿನ ಗರಗಸ, ಉದಾಹರಣೆಗೆ ಮಕಿಟಾದ ಎಲ್‌ಎಸ್1040, ನೇರ ಕತ್ತರಿಕೆಯಲ್ಲಿ 69 ಮಿಲಿಮೀಟರ್ ದಪ್ಪ, 130 ಮಿಲಿಮೀಟರ್ ಅಗಲದ ಮರವನ್ನು ಒಂದೇ ಸಲಕ್ಕೆ ಕತ್ತರಿಸುತ್ತದೆ. ನಾಲ್ಕು-ಎರಡೂವರೆಯ ಬಾಗಿಲವಾಡ, ಕಿಟಕಿ ಚೌಕಟ್ಟು, ಬೀಡಿಂಗು, ರೀಪು, ಫೋಟೊ ಚೌಕಟ್ಟು ಎಲ್ಲವೂ ಅದರೊಳಗೆ ಬಂದವು. ವರ್ಷಕ್ಕೆ ನಾಲ್ಕು ಸಲ ಬರುವ ಅಗಲ ಹಲಗೆಗೋಸ್ಕರ ದಿನವೂ ಧೂಳು ಕುಡಿಯುವ ಅಗತ್ಯವಿಲ್ಲ, ಹಲಗೆಗೆ ಸರ್ಕ್ಯುಲರ್ ಗರಗಸ ಸಾಕು. ಜಾರುವುದೇ ಬೇಕೆನ್ನುವವರು ಕಂಬಿ ಹಿಂದಕ್ಕೆ ಚಾಚದಂಥದ್ದನ್ನು ನೋಡಲಿ. ಮಕಿಟಾದ ಎಲ್‌ಎಸ್1019ಎಲ್ ಗೋಡೆಯ ಪಕ್ಕಕ್ಕೇ ಕೂರುತ್ತದೆ. ಬಾಷ್ ಕಂಪನಿಯ ಜಿಸಿಎಂ 12 ಜಿಡಿಎಲ್ ಕಂಬಿಯ ಬದಲು ಮಡಚುವ ತೋಳಿನ ಮೇಲೆ ಓಡಾಡುತ್ತದೆ. ಬೆಲೆ ಮಾತ್ರ ಸಾದಾ ಗರಗಸಕ್ಕಿಂತ ಬಹಳ ಮೇಲೆ.

ಜರ್ಮನಿಯ ಫೆಸ್ಟೂಲ್ ಕಂಪನಿ ತನ್ನ ಕೇಪೆಕ್ಸ್ ಕೆಎಸ್ 120 ಗರಗಸ ಶೇ 91ರವರೆಗೆ ಧೂಳು ಹಿಡಿಯುತ್ತದೆ ಎಂದು ಹೇಳಿಕೊಳ್ಳುತ್ತದೆ. ಮೈಟರ್ ಗರಗಸಗಳಲ್ಲಿ ಇದು ಹೆಸರಾದ ಯಂತ್ರ. ಆದರೆ ಆ ಅಂಕಿ ಒಳ್ಳೆಯ ವ್ಯಾಕ್ಯೂಮ್ ಜೋಡಿಸಿದಾಗಿನದು, ಬರೀ ಚೀಲದ್ದಲ್ಲ. ಅಷ್ಟು ದುಬಾರಿ ಯಂತ್ರವೂ ವ್ಯಾಕ್ಯೂಮ್ ಇಲ್ಲದೆ ಆ ಮಾತು ಉಳಿಸಿಕೊಳ್ಳಲಾರದು ಎಂದಾದ ಮೇಲೆ, ಸಾದಾ ಗರಗಸ ಕೊಂಡು ಉಳಿದ ಹಣವನ್ನು ಗಾಳಿ ಎಳೆಯುವ ವ್ಯವಸ್ಥೆಗೆ ಹಾಕುವುದೇ ಸಣ್ಣ ಶೆಡ್ಡಿಗೆ ಬುದ್ಧಿವಂತಿಕೆ.

ಗಾಳಿ ಎಳೆಯುವ ಯಂತ್ರಗಳಲ್ಲಿ ಎರಡು ಜಾತಿ. ವ್ಯಾಕ್ಯೂಮ್ ಕ್ಲೀನರ್ ಸಣ್ಣ ಪೈಪಿನಲ್ಲಿ ಬಲವಾಗಿ ಎಳೆಯುತ್ತದೆ, ಎಳೆಯುವ ಗಾಳಿ ಸ್ವಲ್ಪ. ಡಸ್ಟ್ ಕಲೆಕ್ಟರ್ ದೊಡ್ಡ ಪೈಪಿನಲ್ಲಿ ಮೆಲ್ಲಗೆ ಎಳೆಯುತ್ತದೆ, ಆದರೆ ಗಾಳಿ ಬಹಳ. ಗರಗಸದ ಹಿಂಬದಿಯ ಸಣ್ಣ ಬಾಯಿಗೆ ವ್ಯಾಕ್ಯೂಮ್ ಸರಿ, ಗರಗಸವನ್ನು ಸುತ್ತುವರಿದ ಗೂಡಿಗೆ ಡಸ್ಟ್ ಕಲೆಕ್ಟರ್ ಸರಿ. ಅದಲು ಬದಲು ಮಾಡಿದರೆ ಎರಡೂ ವ್ಯರ್ಥ. ನಾಲ್ಕು ಇಂಚಿನ ಪೈಪಿನ ಬಾಯಿ 35 ಮಿಲಿಮೀಟರ್ ಪೈಪಿನ ಬಾಯಿಯ ಎಂಟು ಪಟ್ಟು. ನಾಲ್ಕು ಇಂಚಿನ ಕಲೆಕ್ಟರಿಗೆ ಕಿರಿದುಮಾಡುವ ಜೋಡಣೆ ಹಾಕಿ ಗರಗಸದ ಸಣ್ಣ ಬಾಯಿಗೆ ಸಿಕ್ಕಿಸಿದರೆ, ದುಡ್ಡು ಕೊಟ್ಟು ತಂದ ಗಾಳಿಯನ್ನು ಕತ್ತು ಹಿಸುಕಿ ನಿಲ್ಲಿಸಿದ ಹಾಗೆಯೇ. ಮರದ ಹೊಟ್ಟು ಪೈಪಿನಲ್ಲಿ ಕೂರದೆ ಓಡಬೇಕಾದರೆ ಗಾಳಿ ಸೆಕೆಂಡಿಗೆ 20 ಮೀಟರಿನಷ್ಟು ಹರಿಯಬೇಕು. ನಾಲ್ಕು ಇಂಚಿನ ಪೈಪಿನಲ್ಲಿ ಅಂದರೆ ಗಂಟೆಗೆ ಸುಮಾರು 565 ಘನ ಮೀಟರ್. ಕಲೆಕ್ಟರ್ ಕೊಳ್ಳುವವರು ಹಾರ್ಸ್‌ಪವರ್ ಕೇಳಿ ಸುಮ್ಮನಾಗದೆ ಈ ಅಂಕಿಯನ್ನೂ ಕೇಳಬೇಕು. ಪೈಪು ಉದ್ದವಾದಷ್ಟೂ, ತಿರುವು ಹೆಚ್ಚಿದಷ್ಟೂ ಗಾಳಿ ಸೊರಗುತ್ತದೆ.

ಗೂಡು ಎಂದರೆ ದೊಡ್ಡ ಸಂಗತಿಯೇನಲ್ಲ, ಬಡಗಿಯ ಕೈಗೆ ಅದು ಅರ್ಧ ದಿನದ ಕೆಲಸ. ಗರಗಸದ ಹಿಂದೆ, ಎಡಬಲಕ್ಕೆ ಮತ್ತು ಮೇಲೆ ಪ್ಲೈವುಡ್ಡಿನ ಗೋಡೆ, ಎದುರು ಮಾತ್ರ ತೆರೆದದ್ದು. ತಲೆ ಎರಡೂ ಕಡೆ 45 ಡಿಗ್ರಿಗೆ ತಿರುಗುವಷ್ಟು, ಓರೆಯಾಗುವಷ್ಟು ಒಳಗೆ ಜಾಗ. ಹಿಂಬದಿಯ ಕೆಳಭಾಗ ಇಳಿಜಾರಾಗಿದ್ದು ಅದರ ತಳದಲ್ಲಿ ನಾಲ್ಕು ಇಂಚಿನ ಪೈಪಿನ ಬಾಯಿ. ಚಿಮ್ಮಿದ್ದು ಗೋಡೆಗೆ ಬಡಿದು ಇಳಿಜಾರಿಗೆ ಬಿದ್ದು ಪೈಪಿಗೆ ಹೋಗುತ್ತದೆ. ಜಾರದ ಗರಗಸಕ್ಕೆ ಈ ಗೂಡು ಚಿಕ್ಕದಾಗುತ್ತದೆ, ಚಿಕ್ಕದಾದಷ್ಟೂ ಕಡಿಮೆ ಗಾಳಿ ಸಾಕು. ಜಾರದ ಗರಗಸದ ಪರವಾಗಿ ಇದೇ ದೊಡ್ಡ ವಾದ.

ಇನ್ನು ಎಳೆದ ಗಾಳಿಯನ್ನು ಏನು ಮಾಡುವುದು? ಈ ವಿಷಯದಲ್ಲಿ ಪಶ್ಚಿಮದ ದೇಶಗಳ ಪದ್ಧತಿಯನ್ನು ಹಾಗೆಯೇ ತರುವ ಅಗತ್ಯ ಕಡೂರಿಗಿಲ್ಲ. ಅಲ್ಲಿ ಚಳಿಗಾಲ ಕಠೋರ, ಖರ್ಚು ಮಾಡಿ ಬಿಸಿ ಮಾಡಿದ ಗಾಳಿಯನ್ನು ಹೊರಗೆ ಬಿಡಲು ಮನಸ್ಸು ಬರುವುದಿಲ್ಲ. ಆದ್ದರಿಂದ ಧೂಳು ಸೋಸಿ ಅದೇ ಗಾಳಿಯನ್ನು ಒಳಗೆ ಬಿಡುತ್ತಾರೆ. ಅದಕ್ಕೆ 0.3 ಮೈಕ್ರಾನಿನ ಕಣವನ್ನೂ ಶೇ 99.97ರಷ್ಟು ತಡೆಯುವ ಹೆಪಾ ಸೋಸುಕ ಬೇಕು. ಅದರ ಬೆಲೆ ಹೆಚ್ಚು, ಬೇಗ ಕಟ್ಟಿಕೊಳ್ಳುತ್ತದೆ. ದೇವನೂರಿನಲ್ಲಿ ಶೆಡ್ಡಿನ ಗಾಳಿಯನ್ನು ಬಿಸಿ ಮಾಡುವ ಪ್ರಮೇಯವೇ ಇಲ್ಲ. ರಾಗಿ ತೂರುವ ರೈತ ಗಾಳಿಯ ದಿಕ್ಕು ನೋಡಿ ನಿಲ್ಲುವಂತೆ, ಬಡಗಿಯೂ ಗಾಳಿಯ ದಿಕ್ಕು ನೋಡಿ ಕಲೆಕ್ಟರನ್ನು ಶೆಡ್ಡಿನ ಹೊರಗೆ, ಸಣ್ಣ ಮರೆಯ ಕೆಳಗೆ ಇಟ್ಟರೆ ಸೋಸುಕದ ಖರ್ಚಿನ ಬಹುಪಾಲು ಉಳಿಯುತ್ತದೆ, ಯಂತ್ರದ ಸದ್ದೂ ಹೊರಗೇ ಉಳಿಯುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಬೀಸುವುದು ಪಡುವಣ ಗಾಳಿ, ಹಾಗಾಗಿ ಹೊರಬಾಯಿ ಮೂಡಣ ದಿಕ್ಕಿಗಿರುವುದು ಮೇಲು. ಒಂದೇ ಷರತ್ತು, ಆ ದಿಕ್ಕಿನಲ್ಲಿ ನೆರೆಯವರ ಕಿಟಕಿಯಾಗಲಿ ಬಾವಿಯಾಗಲಿ ಹಪ್ಪಳ-ಕೊಬ್ಬರಿ ಒಣಹಾಕುವ ಕಣವಾಗಲಿ ಇರಕೂಡದು. ಇದ್ದರೆ ಸೋಸುಕಕ್ಕೆ ಖರ್ಚು ಮಾಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ.

ವ್ಯಾಕ್ಯೂಮ್ ಬಳಸುವವರು ಅದಕ್ಕೂ ಗರಗಸಕ್ಕೂ ನಡುವೆ ಒಂದು ಸೈಕ್ಲೋನ್ ಡಬ್ಬ ಇಟ್ಟುಕೊಳ್ಳಲಿ. ಗಾಳಿ ಅದರೊಳಗೆ ಸುಳಿದು ತಿರುಗುವಾಗ ಹೊಟ್ಟಿನ ದೊಡ್ಡ ಪಾಲು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ, ವ್ಯಾಕ್ಯೂಮಿನ ಸೋಸುಕ ಬೇಗ ಕಟ್ಟಿಕೊಳ್ಳುವುದಿಲ್ಲ. ಬಣ್ಣದ 20 ಲೀಟರಿನ ಖಾಲಿ ಬಕೆಟ್ಟೇ ಸಾಕು, ಗಟ್ಟಿಯದಾಗಿರಬೇಕು, ಇಲ್ಲದಿದ್ದರೆ ಎಳೆತಕ್ಕೆ ಒಳಕ್ಕೆ ಮುದುಡಿಕೊಳ್ಳುತ್ತದೆ. ಹೀಗೆ ಕೂಡಿಟ್ಟ ಶುದ್ಧ ಮರದ ಹೊಟ್ಟು ಹೊಟ್ಟಿನ ಒಲೆಗೆ ಆಗುತ್ತದೆ. ಪ್ಲೈವುಡ್, ಎಂಡಿಎಫ್ ಪುಡಿಯನ್ನು ಮಾತ್ರ ಒಲೆಗೆ ಹಾಕಬಾರದು, ದನದ ಕೊಟ್ಟಿಗೆಗೂ ಹರಡಬಾರದು.

ಕರೆಂಟಿನ ಮಾತು ಮರೆಯುವಂತಿಲ್ಲ. 1,650 ವ್ಯಾಟಿನ ಗರಗಸ ಏಳು ಆಂಪಿಯರ್, 1,200 ವ್ಯಾಟಿನ ವ್ಯಾಕ್ಯೂಮ್ ಐದು ಆಂಪಿಯರ್ ಎಳೆಯುತ್ತವೆ. ಎರಡನ್ನೂ ಮನೆಯ ಸಣ್ಣ 6 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ವೈರು ಕರಗುತ್ತದೆ. 16 ಆಂಪಿಯರ್ ಪವರ್ ಪ್ಲಗ್ಗು, ಅದಕ್ಕೆ ತಕ್ಕ ದಪ್ಪದ ವೈರು, ಸರಿಯಾದ ಅರ್ತಿಂಗ್ ಬೇಕು. ವೋಲ್ಟೇಜು ಇಳಿಯುವ ಹೊತ್ತಿನಲ್ಲಿ ಎರಡನ್ನೂ ಒಟ್ಟಿಗೆ ಚಾಲೂ ಮಾಡದೆ, ಮೊದಲು ವ್ಯಾಕ್ಯೂಮ್, ಅದು ವೇಗ ಹಿಡಿದ ಮೇಲೆ ಗರಗಸ. ಆರಿಸುವಾಗ ಮೊದಲು ಗರಗಸ, ಪೈಪು ಖಾಲಿಯಾದ ಮೇಲೆ ವ್ಯಾಕ್ಯೂಮ್.

ಬ್ಲೇಡಿನಲ್ಲೂ ಸ್ವಲ್ಪ ಉಳಿತಾಯವಿದೆ. ಮೂರು ಮಿಲಿಮೀಟರಿನ ಬದಲು 2.4 ಮಿಲಿಮೀಟರಿನ ತೆಳು ಬ್ಲೇಡು ಹಾಕಿದರೆ ಪುಡಿಯಾಗುವ ಮರ ಐದರಲ್ಲಿ ಒಂದು ಪಾಲು ಕಡಿಮೆ. ಮೊಂಡಾದ ಬ್ಲೇಡು ಕೊಯ್ಯುವುದಿಲ್ಲ, ಉಜ್ಜುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂದಾಗ ಸಾಣೆಗೆ ಕೊಡಬೇಕು.

ಕೊಂಡ ಗರಗಸವನ್ನೂ ಕಟ್ಟಿದ ಗೂಡನ್ನೂ ಒಂದೇ ಏಟಿಗೆ ವ್ಯರ್ಥ ಮಾಡುವ ಅಭ್ಯಾಸವೊಂದು ಈಗ ಎಲ್ಲ ಕಡೆ ಬೆಳೆದಿದೆ. ಸಂಜೆ ಕೆಲಸ ಮುಗಿದ ಮೇಲೆ ಕೈಬ್ಲೋವರ್ ಹಿಡಿದು ಶೆಡ್ಡಿನ ಮೂಲೆ ಮೂಲೆಗೆ ಗಾಳಿ ಹೊಡೆಯುವುದು. ಶೆಡ್ಡು ಚೊಕ್ಕಟವಾದಂತೆ ಕಾಣುತ್ತದೆ. ನಿಜದಲ್ಲಿ ದಿನವಿಡೀ ನೆಲಕ್ಕಿಳಿದಿದ್ದ ಸಣ್ಣ ಪುಡಿ ಒಂದೇ ನಿಮಿಷದಲ್ಲಿ ಮತ್ತೆ ಗಾಳಿಗೇರುತ್ತದೆ, ಅದನ್ನು ಉಸಿರಾಡುವವನು ಬ್ಲೋವರ್ ಹಿಡಿದವನೇ. ಗುಡಿಸುವ ಮೊದಲು ನೀರು ಚಿಮುಕಿಸುವ ಹಳೆಯ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು, ವ್ಯಾಕ್ಯೂಮ್ ಇನ್ನೂ ಮೇಲು. ಮೂಗಿಗೆ ಟವೆಲ್ಲು ಸುತ್ತಿಕೊಳ್ಳುವುದರಿಂದ ಸಣ್ಣ ಕಣ ನಿಲ್ಲುವುದಿಲ್ಲ, ಮೇಲಾಗಿ ತಿರುಗುವ ಬ್ಲೇಡಿನ ಹತ್ತಿರ ಜೋಲುವ ಬಟ್ಟೆ ಅಪಾಯ. ಐಎಸ್ 9473 ಗುರುತಿನ, ಮುಖಕ್ಕೆ ಸರಿಯಾಗಿ ಕೂರುವ ಎಫ್‌ಎಫ್‌ಪಿ2 ಮಾಸ್ಕು ಕೊಂಡುಕೊಳ್ಳಲಿ. ಮಾಸ್ಕು ಇದೆಯೆಂದು ಗೂಡು ಬಿಡುವಂತಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ ಮಗುವಿಗೆ ಯಾರೂ ಮಾಸ್ಕು ಹಾಕಿರುವುದಿಲ್ಲ.

ಇದೆಲ್ಲ ಬಡಗಿಯೊಬ್ಬನ ಹೊಣೆ ಎಂದು ಕೈತೊಳೆದುಕೊಳ್ಳುವುದು ಅನ್ಯಾಯ. 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್, ಧೂಳನ್ನು ಅದು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಎಳೆದು ತೆಗೆಯಬೇಕೆಂದು ವಿಧಿಸಿತ್ತು. ಬಹಳ ಸರಿಯಾದ ಮಾತು. ಆದರೆ ಆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಮಂದಿ ಕೆಲಸಗಾರರಿದ್ದರೆ ಮಾತ್ರ ಅನ್ವಯವಾಗುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಆ ಮಿತಿಯನ್ನು 20ಕ್ಕೆ ಏರಿಸಿದೆ. ಅಪ್ಪ, ಮಗ, ಒಬ್ಬ ಸಹಾಯಕನ ಶೆಡ್ಡಿಗೆ ಕಾನೂನು ಅಂದೂ ಬರಲಿಲ್ಲ, ಇನ್ನು ಮುಂದೆಯೂ ಬರುವುದಿಲ್ಲ. ಬರಬೇಕಾದದ್ದು ಇನ್‌ಸ್ಪೆಕ್ಟರಲ್ಲ, ನೆರವು.

ನೆರವಿಗೆ ದಾರಿ ಈಗಾಗಲೇ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಹೆಸರಿಸಿದೆ, ಬಡಗಿಯ ಕಸುಬು ಅದರಲ್ಲೊಂದು. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯವರೆಗೆ ಇ-ವೋಚರ್, ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ರೂಪಾಯಿ ಸಾಲ. 15,000 ರೂಪಾಯಿಯಲ್ಲಿ ಒಳ್ಳೆಯ ಗರಗಸ, ಹೊಟ್ಟು ಎಳೆಯುವ ಯಂತ್ರ ಎರಡೂ ಬರುವುದು ಕಷ್ಟ. ಹಾಗಿದ್ದಾಗ ಸಿಕ್ಕ ಹಣವೆಲ್ಲ ಗರಗಸದ ಮೇಲೇ ಹೋಗುತ್ತದೆ. ಕತ್ತರಿಸುವ ಯಂತ್ರ ಕೊಳ್ಳುವ ಬಡಗಿಗೆ ಧೂಳು ಹಿಡಿಯುವ ಸಾಧನಕ್ಕೆಂದೇ ಪ್ರತ್ಯೇಕ ಮೊತ್ತ ಇಡಬೇಕು. ಜಿಲ್ಲಾ ಪಂಚಾಯಿತಿಗಳ ಮೂಲಕ ಗ್ರಾಮೀಣ ಕುಶಲಕರ್ಮಿಗಳಿಗೆ ಉಪಕರಣ ಹಂಚುವಾಗಲೂ ಹಾಗೆಯೇ. ಐದು ದಿನದ ತರಬೇತಿಯಲ್ಲಿ ಅರ್ಧ ದಿನ ಗೂಡು ಕಟ್ಟಿಸುವುದಕ್ಕೆ ಸಾಕು, ಅದಕ್ಕೆ ಬೇಕಾದ ಕೌಶಲ ಕಲಿಯಲು ಬಂದವರ ಕೈಯಲ್ಲೇ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥವು ಇಲ್ಲಿನ ಮರ, ಇಲ್ಲಿನ ಗಾಳಿ, ಇಲ್ಲಿನ ಸಿಂಗಲ್ ಫೇಸ್ ಕರೆಂಟಿಗೆ ಹೊಂದುವ ಒಂದು ಗೂಡಿನ ನಕ್ಷೆಯನ್ನು ಕನ್ನಡದಲ್ಲಿ ಅಳತೆ ಸಮೇತ ಅಚ್ಚುಹಾಕಿ ಪಂಚಾಯಿತಿಗಳಿಗೆ ಕೊಡಲಿ.

ಅಂಗಡಿಯವರೂ ಒಂದು ಕೆಲಸ ಮಾಡಬಹುದು. ಗರಗಸವನ್ನು ಪೆಟ್ಟಿಗೆಯಲ್ಲೇ ಮಾರದೆ, ವ್ಯಾಕ್ಯೂಮ್ ಜೋಡಿಸಿ ಹಲಸಿನ ತುಂಡೊಂದನ್ನು ನೇರಕ್ಕೂ 45 ಡಿಗ್ರಿಗೂ ಕತ್ತರಿಸಿ ತೋರಿಸಲಿ, ಹಿಂದೆ ಕಪ್ಪು ಬಟ್ಟೆಯೊಂದನ್ನು ಹಾಸಲಿ. ಎರಡು ಕಂಪನಿಯ ಗರಗಸಗಳನ್ನು ಹೀಗೆ ಅಕ್ಕಪಕ್ಕ ಓಡಿಸಿದರೆ ಬಟ್ಟೆಯ ಮೇಲೆ ಬಿದ್ದ ಪುಡಿಯೇ ವ್ಯತ್ಯಾಸ ಹೇಳುತ್ತದೆ. ಹಾಗೆ ತೋರಿಸಲು ಒಪ್ಪದ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ಹೋಗುವ ಹಕ್ಕು ಬಡಗಿಗಿದೆ. ಕಡೂರಲ್ಲಿ ಆಗದಿದ್ದರೆ ಬೀರೂರು ಹತ್ತಿರವೇ ಇದೆ.